ಸೀಗಿ ಹುಣ್ಣಿಮೆಯ ಇಂಜಿನ್

ತಿಂಥಣಿಯ ಹೊಳೆದಂಡೆಯಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ನಿಗೂ ಒಂದು ಪಂಚಾಂಗವಿದೆ. ಕಾರ ಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿಯುವ ಹೊತ್ತಿಗೆ ಅದು ಹೊಳೆಯಿಂದ ಮೇಲೆ ಬಂದಿರಬೇಕು. ಸೀಗಿ ಹುಣ್ಣಿಮೆಯಂದು ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಮತ್ತೆ ಕೆಳಗಿಳಿಯಬೇಕು. ನಡುವಿನ ತಿಂಗಳುಗಳು ನಮ್ಮ ಹೊಳೆ ಕೃಷ್ಣೆಯವು. ಆಗ ಇಂಜಿನ್ ಕೊಟ್ಟಿಗೆಯ ಮೂಲೆಯಲ್ಲಿ, ಹರಿದ ತಾಡಪತ್ರಿಯ ಕೆಳಗೆ, ಹೊಟ್ಟಿನ ಚೀಲಗಳ ಪಕ್ಕ ಸುಮ್ಮನೆ ಕೂತಿರುತ್ತದೆ. ಮಳೆಗಾಲವಿಡೀ ಅದನ್ನು ಯಾರೂ ಮಾತನಾಡಿಸುವುದಿಲ್ಲ. ಅದು ಮತ್ತೆ ಎಚ್ಚರಾಗುವ ದಿನದ ಬಗ್ಗೆ ಬರೆಯಬೇಕೆಂದು ನನಗೆ ಬಹಳ ಕಾಲದಿಂದ ಆಸೆ. ಕಲಬುರಗಿಯಲ್ಲಿ ಮಾಸ್ತರಿಕೆ ಮಾಡುವ ನಾನು ಹಬ್ಬದ ರಜೆಗೆ ಊರಿಗೆ ಹೋಗುವುದೇ ಆ ದಿನ ಇಂಜಿನ್ ನೋಡಿಕೊಳ್ಳುವ ನನ್ನ ಕಾಕಾನ ಜೊತೆಗಿರಬೇಕೆಂದು.

ಇಂಜಿನ್ನನ್ನು ಹೊತ್ತು ಮೇಲೆ ಕೆಳಗೆ ಓಡಾಡುವ ಕಷ್ಟ ಯಾಕೆ, ದಂಡೆಯ ಮೇಲೆ ಒಂದು ಕಟ್ಟೆ ಕಟ್ಟಿ ಅಲ್ಲೇ ಇಟ್ಟರಾಗದೆ ಎಂದು ಹೊಸಬರು ಕೇಳುತ್ತಾರೆ. ಆಗುವುದಿಲ್ಲ. ಇಂಜಿನ್ನಿಗೆ ಜೋಡಿಸಿದ ಪಂಪು ನೀರನ್ನು ಮೇಲಕ್ಕೆ ಎಷ್ಟೋ ದೂರ ದೂಡಬಲ್ಲದು. ಕೆಳಗಿನಿಂದ ತೆಗೆದುಕೊಳ್ಳುವ ಶಕ್ತಿ ಮಾತ್ರ ತೀರ ಕಡಿಮೆ. ನಿಜಕ್ಕೂ ಪಂಪು ನೀರನ್ನು ಎಳೆಯುವುದೇ ಇಲ್ಲ. ತನ್ನ ಒಳಗನ್ನು ಬರಿದು ಮಾಡಿಕೊಳ್ಳುತ್ತದೆ, ಅಷ್ಟೆ. ಹೊರಗಿನ ಗಾಳಿಯ ಭಾರ ಹೊಳೆಯ ನೀರಿನ ಮೇಲೆ ಕೂತು ಅದನ್ನು ಪೈಪಿನೊಳಗೆ ಏರಿಸುತ್ತದೆ. ಆ ಭಾರ ಲೆಕ್ಕದಲ್ಲಿ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಎತ್ತೀತು. ಹೊಲದಲ್ಲಿ ಕೈಗೆ ಸಿಗುವುದು ಆರೇಳು ಮೀಟರು. ಅದಕ್ಕೆ ಇಂಜಿನ್ ನೀರಿನ ಹತ್ತಿರವೇ ಇರಬೇಕು. ನೀರು ಇಳಿದಂತೆ ಇದೂ ಇಳಿಯಬೇಕು. ಭಾರತ ಹುಣ್ಣಿಮೆಯ ನಮ್ಮೂರ ಜಾತ್ರೆಯ ಹೊತ್ತಿಗೆ ದಂಡೆಯ ಕೆಳಗಿನ ಬಂಡೆಗಳ ಮೇಲೆ, ಬೇಸಿಗೆ ಕಾಯ್ದಂತೆ ಇನ್ನೂ ಒಳಗೆ, ಹೊಳೆಯ ಹೊಟ್ಟೆಯೊಳಗೇ ಹೋಗಿ ಕೂರುತ್ತದೆ.

ಹಾಗೆ ಹೊಳೆಯೊಳಗೆ ಕೂತ ಇಂಜಿನ್ನಿಗೆ ಮೇಲಿನ ನಾರಾಯಣಪುರದ ಗೇಟುಗಳೇ ಯಮ. 1982ರಲ್ಲಿ ಮುಗಿದ ಅಲ್ಲಿನ ಬಸವಸಾಗರ ಅಣೆಕಟ್ಟು ನಮಗಿಂತ ಮೇಲಿದೆ, ಅದರಾಚೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟುಗಳ ಯೋಜನೆ ನಮ್ಮ ಸುರಪುರ, ಶಹಾಪುರದ ಎಷ್ಟೋ ಹೊಲಗಳಿಗೆ ಎಡದಂಡೆ ಕಾಲುವೆಯ ನೀರು ತಂದಿತು. ಜೋಳ ಬೆಳೆಯುತ್ತಿದ್ದ ಕಪ್ಪು ನೆಲದಲ್ಲಿ ಭತ್ತ ನಿಂತಿತು. ಕಾಲುವೆಗೆ ಎಟುಕದ ಹೊಲದವರು ಹೊಳೆಯನ್ನೇ ನಂಬಿದರು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. ಡಂಗುರ ಸಾರಿದ ಮೇಲೆ ಸಿಗುವ ವೇಳೆ ಇಂಜಿನ್ ಮೇಲೆ ತರಲು ಸಾಲುವುದಿಲ್ಲ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಇಪ್ಪತ್ತೆಂಟು ಲೀಟರು ಚಿಲ್ಲರೆ. ಐದು ಲಕ್ಷವನ್ನು ಅದರಿಂದ ಗುಣಿಸಿ ನೋಡಿದರೆ ಲೆಕ್ಕದ ಮಾಸ್ತರನಾದ ನನ್ನ ಕೈಯೂ ತಡೆಯುತ್ತದೆ. 2009ರಲ್ಲಂತೂ ಮಳೆಗಾಲ ಮುಗಿಯಿತೆಂದು ಎಲ್ಲರೂ ಅಂದುಕೊಂಡ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕವೆಲ್ಲ ನೀರಿನಲ್ಲಿ ನಿಂತಿತು. ಸೀಗಿ ಹುಣ್ಣಿಮೆ ದಾಟುವವರೆಗೆ ಕಾಕಾ ಇಂಜಿನ್ನಿನ ಮೇಲಿನ ತಾಡಪತ್ರಿ ಮುಟ್ಟಗೊಡದಿರುವುದು ಆ ವರ್ಷದ ನೆನಪಿನಿಂದ.

ನಮ್ಮದು ರಾಜಕೋಟದ ಇಂಜಿನ್. ಅದರ ಮೂಲ ಇಂಗ್ಲೆಂಡಿನ ಡರ್ಸ್ಲಿ ಪಟ್ಟಣದ ಲಿಸ್ಟರ್ ಕಾರ್ಖಾನೆಯಲ್ಲಿದೆ. 1930ರ ಸುಮಾರಿಗೆ ಅಲ್ಲಿ ಹುಟ್ಟಿದ ಈ ಒಂಟಿ ಸಿಲಿಂಡರಿನ, ಎರಡು ದೊಡ್ಡ ಚಕ್ರದ ಯಂತ್ರವನ್ನು ಗುಜರಾತಿನ ಎರಕದವರು ಕಣ್ಣಳತೆ ಕೈಯಳತೆಯಲ್ಲಿ ಹಿಡಿದು ತಮ್ಮದಾಗಿಸಿಕೊಂಡರು. ಆರು ಅಶ್ವಶಕ್ತಿಯದು ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಒಂದು ಬಾರಿ ಒಳಗೆ ಬೆಂಕಿ ಹೊತ್ತುವುದರಿಂದ ನಿಮಿಷಕ್ಕೆ 325 ಬಡಿತ. ಈಗಿನ ಯಂತ್ರಗಳ ಮುಂದೆ ಇದು ಬಹಳ ನಿಧಾನ. ಆ ನಿಧಾನವೇ ಅದರ ಆಯುಷ್ಯ.

ಹೊಳೆಸಾಲಿನಲ್ಲಿ ಕಿರ್ಲೋಸ್ಕರ್ ಇಂಜಿನ್ನುಗಳೂ ಬಹಳ ಇದ್ದವು. ಆ ಹೆಸರು ಬಂದಾಗಲೆಲ್ಲ ನಾನು ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ: ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ಆಮೇಲೆ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ಕಬ್ಬಿಣ ತಗುಲಿದರೆ ಮಣ್ಣು ವಿಷವಾಗುತ್ತದೆಂದು ರೈತರು ಹೆದರುತ್ತಿದ್ದ ಕಾಲ ಅದು. ಆ ನೇಗಿಲುಗಳು ಮಾರಾಟವಾಗದೆ ಕೂತಿದ್ದವು. ಅವರು ಬಿಡಲಿಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯ ಹತ್ತಿರದ ಖಡ್ಕಿಯಲ್ಲಿ ಆ ಮನೆತನದ ಡೀಸೆಲ್ ಇಂಜಿನ್ ಕಂಪನಿ ಶುರುವಾಯಿತು. ಗುರ್ಲಹೊಸೂರು ಮಲಪ್ರಭೆಯ ದಂಡೆಯ ಊರು, ಮಲಪ್ರಭೆ ಬಂದು ಸೇರುವುದು ಕೃಷ್ಣೆಯನ್ನೇ. ನನಗೆ ಇದು ಸುಮ್ಮನೆ ಬಿಡುವ ಸಂಗತಿ ಅನ್ನಿಸುವುದಿಲ್ಲ.

ಇನ್ನು ಕೊಟ್ಟಿಗೆಗೆ ಬರೋಣ. ತಾಡಪತ್ರಿ ಸರಿಸಿದ ಕೂಡಲೇ ಹ್ಯಾಂಡಲ್ ಹಿಡಿಯುವವರು ಇದ್ದಾರೆ. ಕಾಕಾ ಹಾಗಲ್ಲ. ಬೀಡಿ ಆರಿಸಿ, ಧೋತರ ಮೇಲೆ ಕಟ್ಟಿ, ಇಂಜಿನ್ನಿನ ಸುತ್ತ ಒಂದು ಸಲ ನಡೆಯುತ್ತಾರೆ.

"ಮೊದಲ ಕಣ್ಣಿಲೆ ನೋಡಬೇಕು ತಮ್ಮಾ, ಆಮ್ಯಾಲ ಕೈಲೆ. ಇಷ್ಟು ದಿನ ನಾವು ಇದರ ಕಡೆ ಹೊಳ್ಳಿ ನೋಡಿಲ್ಲ. ಇದರಾಗ ಯಾರ್ಯಾರು ಸಂಸಾರ ಹೂಡ್ಯಾರೋ ಏನೋ."

ಸಂಸಾರ ಹೂಡಿರುವುದು ಖಂಡಿತ. ಹೊಗೆಕೊಳವೆಯ ಬಾಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಗಾಳಿ ಹೋಗುವ ಡಬ್ಬಿಯಲ್ಲಿ ಇಲಿ ಹತ್ತಿಯನ್ನೂ ಚೀಲದ ನಾರನ್ನೂ ಹಾಸಿರುತ್ತದೆ. ಪೀಠದ ಕೆಳಗೆ ಚೇಳು ಇರಬಹುದೆಂದು ಕಾಕಾ ಮೊದಲು ಕಟ್ಟಿಗೆಯಿಂದ ತಟ್ಟುತ್ತಾರೆ. ಬೆಲ್ಟಿನ ಅಂಚನ್ನು ಬೆರಳಿನಿಂದ ಉದ್ದಕ್ಕೂ ಸವರಿ ಇಲಿ ಕಡಿದಿದೆಯೇ ನೋಡುತ್ತಾರೆ. ಹೊಗೆಕೊಳವೆ ಕಟ್ಟಿದ್ದರೆ ಇಂಜಿನ್ ಏಳುವುದಿಲ್ಲ. ಇಲಿಯ ಹತ್ತಿ ಒಳಗೆ ಹೋದರೆ ಎದ್ದದ್ದೂ ಕೆಡುತ್ತದೆ. ಇದೆಲ್ಲ ಮುಗಿಯುವ ಹೊತ್ತಿಗೆ ಬಿಸಿಲು ಕೊಟ್ಟಿಗೆಯ ಅರ್ಧಕ್ಕೆ ಬಂದಿರುತ್ತದೆ. ಪಾನಾ, ಪಕ್ಕಡ್ ಇನ್ನೂ ಚೀಲದಿಂದ ಹೊರಗೆ ಬಂದಿರುವುದಿಲ್ಲ.

ಆಮೇಲೆ ಡೀಸೆಲ್. ಟಾಕಿ ಅರ್ಧ ಖಾಲಿಯಿದ್ದರೆ ಮಳೆಗಾಲದ ತೇವದ ಗಾಳಿ ಒಳಗೆ ಬೆವರಿ ಹನಿಯಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ಇಂಜಿನ್ ಕುಡಿಯುವುದು ತಳದಿಂದಲೇ. ಹಾಗಾಗಿ ಕಾಕಾ ಕೆಳಗಿನ ಪೈಪು ಬಿಚ್ಚಿ, ಗಾಜಿನ ಬಾಟಲಿಗೆ ಮೊದಲ ಡೀಸೆಲ್ ಬಿಟ್ಟು, ಬೆಳಕಿಗೆ ಹಿಡಿಯುತ್ತಾರೆ. ತಳದಲ್ಲಿ ಬೇರೆಯಾಗಿ ಗುಂಡಗೆ ಹೊರಳುವ ನೀರು ಕಂಡರೆ ಅದು ಹೋಗುವವರೆಗೂ ಬಿಡುತ್ತಾರೆ. ಅಷ್ಟು ಡೀಸೆಲ್ ಹಾಳಲ್ಲವೇ ಎಂದರೆ, ಎಣ್ಣೆ ಸಿಂಪಡಿಸುವ ನೊಜಲ್ ಕೆಟ್ಟರೆ ಬೀಳುವ ಖರ್ಚಿನ ಮುಂದೆ ಇದೇನೂ ಅಲ್ಲ ಎಂಬ ಉತ್ತರ ಬರುತ್ತದೆ. ಇಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅಲ್ಲಿಗೂ ನೀರು ಹೋಗಿದೆಯೆಂದು ಅರ್ಥ. ಅದನ್ನೂ ಚೆಲ್ಲಿ ಹೊಸದು ಹಾಕಬೇಕು.

ನೀರಾಯಿತು, ಮುಂದೆ ಗಾಳಿ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. 1890ರ ದಶಕದಲ್ಲಿ ರುಡಾಲ್ಫ್ ಡೀಸೆಲ್ ಹುಡುಕಿದ ದಾರಿ ಬೇರೆ: ಗಾಳಿಯನ್ನು ಹದಿನೈದು ಹದಿನಾರರಲ್ಲಿ ಒಂದು ಪಾಲಿಗೆ ಹಿಸುಕಿದರೆ ಅದು ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಗಳಿಗೆಗೆ ಸರಿಯಾಗಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಕೊಳವೆಯೊಳಗೆ ಗಾಳಿಯ ಗುಳ್ಳೆಯೊಂದು ಸೇರಿದ್ದರೆ, ಒತ್ತಡವೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಕಳೆದು, ಎಣ್ಣೆ ಹೊರಗೆ ಚಿಮ್ಮುವುದೇ ಇಲ್ಲ. ಹೊಳೆದಂಡೆಯವರು ಇದಕ್ಕೆ 'ಏರ್ ಹಿಡದದ' ಎನ್ನುತ್ತಾರೆ. ಕಾಕಾ ಡೀಸೆಲ್ ಪಂಪಿನ ಹತ್ತಿರದ ನಟ್ಟು ಅರ್ಧ ಸುತ್ತು ಸಡಿಲಿಸುತ್ತಾರೆ. ನೊರೆನೊರೆಯಾಗಿ ಡೀಸೆಲ್ ಬರುತ್ತದೆ, ಉಗುಳುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ನೊರೆ ನಿಂತು ಬರಿಯ ಎಣ್ಣೆ ಹರಿಯತೊಡಗಿದಾಗ ನಟ್ಟು ಬಿಗಿಯುತ್ತಾರೆ. ಆಮೇಲೆ ನೊಜಲಿನ ಪೈಪಿನದು. ಇಲ್ಲಿ ಅವಸರ ಮಾಡಿದವರು ಮಧ್ಯಾಹ್ನದವರೆಗೆ ಹ್ಯಾಂಡಲ್ ತಿರುಗಿಸಿ ಭುಜ ಕಳೆದುಕೊಳ್ಳುತ್ತಾರೆ.

ಒಮ್ಮೆ ಇದೇ ಕೆಲಸದ ನಡುವೆ ನಮ್ಮ ಅತ್ತೆಯ ಮೊಮ್ಮಗ ಕೆನಡಾದಿಂದ ವಿಡಿಯೋ ಕರೆ ಮಾಡಿದ. ಮ್ಯಾನಿಟೋಬಾದಲ್ಲಿ ಕೆಲಸ ಅವನದು. ಅವನೂ ಗ್ಯಾರೇಜಿನಲ್ಲಿ ಮೊಣಕಾಲೂರಿ ಕೂತಿದ್ದ. ಎದುರಿಗೆ ಹಿಮದ ಗಾಡಿ: ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಅಗಲ ಪಟ್ಟಿ, ನಡುವೆ ಪೆಟ್ರೋಲ್ ಇಂಜಿನ್. ಹಿಮ ಕರಗಿದಾಗಿನಿಂದ ಮುಸುಕು ಹಾಕಿ ಇಟ್ಟದ್ದನ್ನು ಆ ದಿನ ತೆಗೆದಿದ್ದ. ಫೋನು ಕಾಕಾನ ಕೈಗೆ ಕೊಟ್ಟೆ.

"ಅಲ್ಲಿ ಅದಕ ಇಲಿ ಕಾಟ ಅದ ಏನಪಾ?"

"ಅದ ಅಜ್ಜಾ! ಗಾಳಿ ಡಬ್ಬ್ಯಾಗ ಗೂಡು ಕಟ್ಟಿತ್ತು. ಈಗ ತಗದೀನಿ."

"ಎಣ್ಣಿ?"

"ಹಳೀ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್ ಕಟ್ಟ್ಯದ್ರಿ. ಬಿಚ್ಚಿ ತೊಳೀಲಿಕತ್ತೀನಿ."

ಕಾಕಾನ ಮುಖ ಅರಳಿತು. ಪೆಟ್ರೋಲಿನ ಹಗುರ ಅಂಶ ತಿಂಗಳುಗಳಲ್ಲಿ ಹಾರಿ ಹೋಗಿ ಉಳಿದದ್ದು ಗೋಂದಿನಂತಾಗುತ್ತದೆ, ಕಾರ್ಬೊರೇಟರಿನ ಕೂದಲೆಳೆಯ ತೂತುಗಳನ್ನು ಮುಚ್ಚುತ್ತದೆ. ಇಡುವ ಮೊದಲು ಟಾಕಿಗೆ ಒಂದು ಔಷಧ ಹಾಕುತ್ತಾರಂತೆ, ರಬ್ಬರ್ ಪಟ್ಟಿ ನೆಲಕ್ಕೆ ಹತ್ತಿ ಸೊಟ್ಟಗಾಗದಂತೆ ಹಿಂಭಾಗ ಎತ್ತಿ ನಿಲ್ಲಿಸುತ್ತಾರಂತೆ, ಸಿಲಿಂಡರಿನೊಳಗೆ ಎಣ್ಣೆ ಸಿಂಪಡಿಸುತ್ತಾರಂತೆ. ಕಾಕಾ ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಅವನ ಯಂತ್ರ ಬೇಸಿಗೆಯಲ್ಲಿ ಮಲಗುತ್ತದೆ, ನಮ್ಮದು ಮಳೆಗಾಲದಲ್ಲಿ. ಎರಡನ್ನೂ ಎಬ್ಬಿಸುವ ಹಂಗಾಮು ಮಾತ್ರ ಹೆಚ್ಚು ಕಡಿಮೆ ಒಂದೇ.

ಆ ಹಿಮದ ಗಾಡಿಯ ಕಥೆಯನ್ನು ಆಮೇಲೆ ಓದಿದೆ, ಓದಿ ಬಹಳ ಹೊತ್ತು ಸುಮ್ಮನಾದೆ. ಕ್ಯೂಬೆಕ್‌ನ ವ್ಯಾಲ್ಕೋರ್ ಎಂಬ ಸಣ್ಣ ಊರಿನ ಮೆಕ್ಯಾನಿಕ್ ಜೋಸೆಫ್ ಆರ್ಮಾಂ ಬೊಂಬಾರ್ಡಿಯೆ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯ ಬೇನೆ ಬಂತು. ದಾರಿಗಳೆಲ್ಲ ಹಿಮದಲ್ಲಿ ಹೂತಿದ್ದವು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿ ಮಾಡುವ ಅವನ ಕೆಲಸ ಅದರಾಚೆ ನಿಲ್ಲಲಿಲ್ಲ. ಮೊದಲು ಹಲವರು ಕೂರುವ ದೊಡ್ಡ ಗಾಡಿಗಳು ಬಂದವು, ವೈದ್ಯರೂ ಶಾಲೆಯ ಮಕ್ಕಳೂ ಅವುಗಳಲ್ಲಿ ಓಡಾಡಿದರು. 1959ರಲ್ಲಿ ಸ್ಕೀ-ಡೂ ಎಂಬ ಸಣ್ಣ ಗಾಡಿ ಬಂತು.

ಕೃಷ್ಣೆಯ ದಂಡೆಯವರಿಗೆ ಈ ಕಥೆ ಬೇಗ ತಾಗುತ್ತದೆ. ನಮ್ಮ ಸೀಮೆಯಲ್ಲೇ ನೀಲಕಂಠರಾಯನ ಗಡ್ಡಿ ಇದೆ, ಸುತ್ತ ನೀರಿರುವ ನಡುಗಡ್ಡೆ. ಹೊಳೆ ತುಂಬಿದಾಗ ಅಲ್ಲಿಯವರಿಗೆ ಜಗತ್ತು ದೂರವಾಗುತ್ತಿತ್ತು. ಒಣಗಿದ ಕುಂಬಳಕಾಯಿ ಕಟ್ಟಿಕೊಂಡು ಈಜಿ ದಾಟಿದವರ ಊರು ಅದು. ಹಿಮವಾಗಲಿ ಹೊಳೆಯಾಗಲಿ ದಾರಿ ಕಟ್ಟಿದ ಮೇಲೆ, ಕೂಡಲೇ ಎದ್ದು ನಡೆಯುವ ಯಂತ್ರ ಒಂದು ಜೀವದ ಪ್ರಶ್ನೆ. ಅದನ್ನು ಚೆನ್ನಾಗಿ ಇಟ್ಟುಕೊಳ್ಳುವುದನ್ನು ನಾನು ಬರಿಯ ಹವ್ಯಾಸವೆಂದು ಕರೆಯಲಾರೆ.

ಕೊಟ್ಟಿಗೆಯ ಕೆಲಸ ಮುಗಿದ ಮೇಲೆ ಇಂಜಿನ್ನನ್ನು ನಾಲ್ಕು ಜನ ಹಿಡಿದು ಬಂಡಿಗೇರಿಸಿ ಹೊಳೆಗಿಳಿಸುತ್ತೇವೆ. ಬಂಡೆಯ ಮೇಲೆ ಕೂರಿಸಿ, ಕೆಳಗೆ ಕಲ್ಲುಚೂರು ತುರುಕಿ ಅಲ್ಲಾಡದಂತೆ ಮಾಡುತ್ತೇವೆ. ಹೊಗೆ ಬಿಡುವ ಬದಿ ಗಾಳಿ ಬೀಸಿಹೋಗುವ ದಿಕ್ಕಿಗೆ. ಗಾಳಿ ಹೋಗುವ ಬಾಯಿಗೆ ಕಾಕಾ ಒಂದು ಚಮಚೆ ಆಯಿಲ್ ಹಾಕುತ್ತಾರೆ. ಒಣಗಿದ ರಿಂಗುಗಳ ಸಂದು ಅದರಿಂದ ತುಂಬಿ, ಹಿಸುಕಿದ ಗಾಳಿ ಸೋರುವುದಿಲ್ಲ. ತಲೆಯ ಮೇಲಿನ ಸಣ್ಣ ಕೀಲನ್ನು ಎತ್ತಿದರೆ ವಾಲ್ ತೆರೆದುಕೊಂಡು ಚಕ್ರ ಹಗುರಾಗಿ ತಿರುಗುತ್ತದೆ. ಆಗ ಕಾಕಾ ಎಲ್ಲರನ್ನೂ ಸುಮ್ಮನಿರಿಸುತ್ತಾರೆ. ನಿಧಾನವಾಗಿ ತಿರುಗಿಸುತ್ತ ನೊಜಲಿನ ಹತ್ತಿರ ಕಿವಿ ಒಯ್ಯುತ್ತಾರೆ. ಎರಡು ಸುತ್ತಿಗೊಮ್ಮೆ ಕಿರ್ ಎಂದು ಒಂದು ಸಣ್ಣ ಸದ್ದು ಬಂದರೆ ಎಣ್ಣೆ ಸರಿಯಾಗಿ ಸಿಂಪಡಿಸುತ್ತಿದೆ. ಆ ಸದ್ದು ಕೇಳದೆ ಹ್ಯಾಂಡಲಿಗೆ ಜೋರು ಹಾಕುವುದು ದಂಡ.

ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಶಿಸ್ತು. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಬದಿಗೇ ಇರಬೇಕು, ಹಿಡಿಯನ್ನು ಸುತ್ತಿಕೊಳ್ಳಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈ ತಪ್ಪಿ ಹೋಗುತ್ತದೆ, ಇಲ್ಲದಿದ್ದರೆ ಹೆಬ್ಬೆರಳು ಹೋಗುತ್ತದೆ. ಹೊತ್ತಿಕೊಂಡ ಕ್ಷಣ ಹ್ಯಾಂಡಲ್ ತಾನೇ ಜಾರಿ ಈಚೆ ಬರಬೇಕು. ಅದಕ್ಕೆ ಅದರ ಬಾಯಿಗೆ ಗ್ರೀಸ್ ಸವರಿರುತ್ತಾರೆ. ಕಾಕಾನ ಮಗ ಈಗ ತಿರುಗಿಸುವವನು. ಚಕ್ರಕ್ಕೆ ವೇಗ ಬಂದಾಗ ಕಾಕಾ ಕೀಲು ಬಿಡುತ್ತಾರೆ. ಒಂದು ಗುಟುರು. ಕಪ್ಪು ಹೊಗೆಯ ಉಂಡೆ. ಇನ್ನೊಂದು. ಆಮೇಲೆ ಬಡಿತಗಳು ಒಂದನ್ನೊಂದು ಹಿಡಿಯುತ್ತವೆ, ಹೊಗೆ ತಿಳಿಯಾಗುತ್ತದೆ. ಏಳದಿದ್ದರೆ ಗಾಳಿಯ ಬಾಯಿಗೆ ಸ್ಪ್ರೇ ಹೊಡೆದು ಎಬ್ಬಿಸುವ ಹುಡುಗರು ಈಗ ಇದ್ದಾರೆ. ಕಾಕಾ ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಏಳಲಿಲ್ಲವೆಂದರೆ ಒಳಗೆ ಏನೋ ಕಾರಣವಿದೆ. ಆ ಕಾರಣ ಹುಡುಕದೆ ಒದ್ದು ಎಬ್ಬಿಸಿದರೆ ಪಿಸ್ಟನ್ನು ಅದರ ಬೆಲೆ ಕೊಡುತ್ತದೆ.

ಇಷ್ಟಾದರೂ ನೀರು ಬಂದಿಲ್ಲ. ಮುಂದಿನದು ಕಾಕಿಯ ಪಾಲು. ಪಂಪಿನೊಳಗೂ ಪೈಪಿನೊಳಗೂ ನೀರು ತುಂಬಿ ನಿಲ್ಲದೆ ಪಂಪು ಹಿಡಿಯುವುದಿಲ್ಲ. ತುಂಬಿದ ನೀರು ಕೆಳಗೆ ಜಾರದಂತೆ ತಡೆಯುವುದು ಪೈಪಿನ ತುದಿಯ ಫುಟ್‌ವಾಲಿನ ಚರ್ಮದ ತುಂಡು. ತಿಂಗಳುಗಟ್ಟಲೆ ಒಣಗಿ ಅದು ಬೆಂಡಾಗಿ ಬಾಗಿರುತ್ತದೆ. ಕಾಕಿ ಹಿಂದಿನ ರಾತ್ರಿಯೇ ಅದನ್ನು ನೀರಿನಲ್ಲಿ ನೆನೆಹಾಕಿರುತ್ತಾರೆ. ಕೊಡದಿಂದ ನೀರು ಹೊಯ್ಯುವಾಗ ಕೊನೆಯ ಕೊಡಕ್ಕೆ ಒಂದು ಹಿಡಿ ಸಗಣಿ ಕಲಸುತ್ತಾರೆ; ಅದರ ನಾರು ಸಣ್ಣ ಸಂದುಗಳಿಗೆ ಹೋಗಿ ಕೂರುತ್ತದೆ. ಶಾಫ್ಟು ಹೊರಬರುವ ಕಡೆ ಗ್ರೀಸಿನಲ್ಲಿ ಅದ್ದಿದ ಸುತಳಿ ಸುತ್ತಿರುತ್ತಾರೆ. ಅಲ್ಲಿಂದ ಹನಿ ಹನಿ ನೀರು ಜಿನುಗಬೇಕು. ಪೂರ್ತಿ ನಿಂತರೆ ಸುತಳಿ ಸುಡುತ್ತದೆ, ಧಾರೆಯಾದರೆ ಪಂಪು ಗಾಳಿ ಕುಡಿಯುತ್ತದೆ. ಕಾಕಿ ಇಂಜಿನ್ನಿನ ಹತ್ತಿರ ಹೋಗುವುದೂ ಇಲ್ಲ, ದಂಡೆಯ ಮೇಲೆ ನಿಂತು ಸದ್ದು ಕೇಳಿಯೇ ಹೇಳುತ್ತಾರೆ: "ಗಾಳಿ ಜಗ್ಗಾಕತ್ತದ, ಬಂದ್ ಮಾಡ್ರಿ." ಇಂಜಿನ್ ಹೊರೆಯಿಲ್ಲದೆ ಹಗುರಾಗಿ ಓಡುವ ಸದ್ದಿಗೂ ನೀರಿನ ಭಾರ ಹೊತ್ತು ಓಡುವ ಸದ್ದಿಗೂ ಇರುವ ಅಂತರ ಅವರಿಗೆ ಅಡುಗೆಮನೆಯೊಳಗಿಂದಲೂ ತಿಳಿಯುತ್ತದೆ. ಅವರು ಸರಿ ಎಂದ ಮೇಲೇ ಮೇಲಿನ ಹೊಲದಿಂದ ನೀರು ಬಂತೆಂಬ ಕೂಗು ಕೇಳಿಬರುತ್ತದೆ.

ಇದನ್ನೆಲ್ಲ ಕಬ್ಬಿಣದವರ ಗುರುವಿನ ಊರಿನಲ್ಲಿ ಕೂತು ಮಾಡುತ್ತೇವೆ ಎನ್ನುವುದು ನನಗೆ ಯಾವಾಗಲೂ ಹಿತ ಕೊಡುವ ಸಂಗತಿ. ತಿಂಥಣಿಯ ಹೆಸರು ಹೊರಗೆ ಹಬ್ಬಿರುವುದು ಮೌನೇಶ್ವರರಿಂದ. ಹತ್ತಿರದ ದೇವರಗೋನಾಲದಲ್ಲಿ ಹುಟ್ಟಿದ ಆ ವಿಶ್ವಕರ್ಮರ ಮನೆಯ ಸಂತರನ್ನು ಹಿಂದೂಗಳೂ ಮುಸಲ್ಮಾನರೂ ತಮ್ಮವರೆನ್ನುತ್ತಾರೆ. ಕಮ್ಮಾರರು, ಬಡಿಗರು, ಕಂಚುಗಾರರು, ಕಲ್ಲುಕುಟಿಗರು, ಅಕ್ಕಸಾಲಿಗರು ಜಾತ್ರೆಗೆ ದೂರದೂರದಿಂದ ಬರುತ್ತಾರೆ. ಸುರಪುರದಿಂದ ನಮ್ಮ ಇಂಜಿನ್ನಿಗೆ ಬರುತ್ತಿದ್ದ ಹಳೆಯ ಮಿಸ್ತ್ರಿಯವರು ಮುಸಲ್ಮಾನರು. ಕೆಲಸ ಮುಗಿಸಿ ಕೈ ತೊಳೆದ ಮೇಲೆ ಗುಡಿಯ ಕಡೆ ಹೋಗಿ ಕೈಮುಗಿದೇ ಬಸ್ಸು ಹತ್ತುತ್ತಿದ್ದರು. ಕೈಕಸುಬಿನವರ ದೇವರು ಕೈಕಸುಬಿನವರೆಲ್ಲರ ದೇವರು, ಇದರಲ್ಲಿ ವಿಶೇಷವೇನೂ ಇಲ್ಲ ಎಂಬಂತೆ ಇರುತ್ತಿತ್ತು ಅವರ ನಡಿಗೆ.

ಹೊಳೆಸಾಲಿನಲ್ಲಿ ಡೀಸೆಲ್ ಬಡಿತ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡುತ್ತದೆ. 2019ರಿಂದ ಕುಸುಮ್ ಯೋಜನೆಯಲ್ಲಿ ಸೂರ್ಯನ ಬಿಸಿಲಿನ ಪಂಪುಗಳೂ ಬರುತ್ತಿವೆ. ಹೊಗೆಯಿಲ್ಲ, ಎಣ್ಣೆಯ ಖರ್ಚಿಲ್ಲ, ಬಟನ್ ಒತ್ತಿದರೆ ಸಾಕು. ಬರಲಿ; ರೈತನ ಕೈ ಹಗುರಾಗುವುದನ್ನು ಬೇಡವೆನ್ನಲು ನಾನು ಯಾರು? ಆದರೆ ಕಾಕಾನ ಹೊಲದ ಹತ್ತಿರ ಹೊಳೆಗೆ ಇನ್ನೂ ತಂತಿ ಬಂದಿಲ್ಲ. ತಂತಿ ಬಂದರೂ ಪೈಪಿಗೆ, ಫುಟ್‌ವಾಲಿಗೆ, ಸುತಳಿಗೆ ಈ ಕಾಳಜಿ ಬೇಕೇ ಬೇಕು. ಗಾಳಿಯ ಭಾರದ ಲೆಕ್ಕ ಕರೆಂಟಿಗೂ ಬದಲಾಗುವುದಿಲ್ಲ.

ಸೀಗಿ ಹುಣ್ಣಿಮೆಗೆ ಇಂಜಿನ್ ಏಳುತ್ತದೋ ಇಲ್ಲವೋ ಎನ್ನುವುದು ಕಾರ ಹುಣ್ಣಿಮೆಗೇ ಅರ್ಧ ತೀರ್ಮಾನವಾಗಿರುತ್ತದೆ ಎನ್ನುತ್ತಾರೆ ಕಾಕಾ. ಮೇಲೆ ತಂದ ದಿನ ಟಾಕಿಯನ್ನು ಪೂರ್ತಿ ತುಂಬಿಸಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಬೇಕು. ಸಿಲಿಂಡರಿಗೆ ಆಯಿಲ್ ಬಿಟ್ಟು ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಎರಡೂ ವಾಲ್ ಮುಚ್ಚಿದ ಜಾಗದಲ್ಲಿ ನಿಲ್ಲಿಸಬೇಕು. ಆಗ ತೇವ ಒಳಗೆ ಹೋಗುವುದಿಲ್ಲ. ಇಂಜಿನ್ನನ್ನು ತಣ್ಣಗಿಡುವ ಕೋಣೆಯ ನೀರು ತೆಗೆಯಬೇಕು. ಗಾಳಿಯ, ಹೊಗೆಯ ಎರಡೂ ಬಾಯಿಗೆ ಎಣ್ಣೆಯ ಅರಿವೆ ತುರುಕಬೇಕು. ಬೆಲ್ಟು ಬಿಚ್ಚಿ ಇಲಿಗೆ ಎಟುಕದಂತೆ ತೂಗುಹಾಕಬೇಕು. ಹ್ಯಾಂಡಲನ್ನು ಮಾತ್ರ ಪಡಸಾಲೆಗೆ ತರಬೇಕು, ಕೊಟ್ಟಿಗೆಯಲ್ಲಿ ಬಿಟ್ಟರೆ ಯಾರಾದರೂ ಎಮ್ಮೆಯ ಗೂಟ ಬಡಿಯಲು ಒಯ್ಯುತ್ತಾರೆ. ಈ ಸಲ ಕಾರ ಹುಣ್ಣಿಮೆಗೆ ಮೊದಲೇ ಊರಿಗೆ ಬಾ ಎಂದಿದ್ದಾರೆ. ಫುಟ್‌ವಾಲಿನ ಚರ್ಮ ಸವೆದಿದೆ, ಸುರಪುರದಲ್ಲಿ ಸಿಕ್ಕದ್ದು ತೆಳುವಂತೆ. ಕಲಬುರಗಿಯಲ್ಲಿ ದಪ್ಪನೆಯದು ಹುಡುಕಿ ಎರಡು ತುಂಡು ತೆಗೆದುಕೊಂಡು ಹೋಗಬೇಕು.